ಹಾರ ಹಾಕಿಸಿಕೊಂಡು ಮಲಗಿದ ವಾಲ್ವು

ಬುತ್ತಿ ಬಿಚ್ಚಿ ಮೊದಲ ತುತ್ತು ಮುರಿಯುವ ಹೊತ್ತಿಗೆ ಸರಿಯಾಗಿ ಗಂಟೆ ಹೊಡೆದುಕೊಂಡಿತು. ಅದು ಹಾಗೆ ಸುಮ್ಮಸುಮ್ಮನೆ ಹೊಡೆದುಕೊಂಡದ್ದು ಎಷ್ಟನೆಯ ಸಲವೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೆ. ಆದರೂ ಕೈ ತೊಳೆಯದೆ ಬ್ಲೋ ರೂಮಿಗೆ ಓಡಿದೆ. ಒತ್ತಿ ಕಟ್ಟಿದ ಹತ್ತಿಯ ಮೂಟೆಗಳನ್ನು, ಅಂದರೆ ಬೇಲುಗಳನ್ನು ಬಿಚ್ಚಿ, ಹಿಂಜಿ, ಕಸ ತೆಗೆಯುವ ಕೋಣೆ ಅದು. ನೂಲಿನ ಗಿರಣಿಯಲ್ಲಿ ಬೆಂಕಿ ಹುಟ್ಟುವುದಿದ್ದರೆ ಮೊದಲು ಅಲ್ಲೇ. ಹೋಗಿ ನೋಡಿದರೆ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಬೇಲುಗಳ ಮುಂದೆ ಕೂತಿದ್ದ ಹೆಂಗಸರು ತಲೆಯನ್ನೂ ಎತ್ತದೆ ಹತ್ತಿ ಬಿಡಿಸುತ್ತಿದ್ದರು. ಹೊರಗೋಡೆಯ ಮೇಲೆ ಗಂಟೆ ಎದೆ ಬಡಿದುಕೊಳ್ಳುತ್ತಿದ್ದರೆ, ಒಳಗೆ ಒಬ್ಬಳು ಪಕ್ಕದವಳಿಗೆ ಹಿಂದಿನ ದಿನ ಮಾಡಿದ ಹುರುಳಿಕಾಳಿನ ಬಸ್ಸಾರಿನ ರುಚಿ ಹೇಳುತ್ತಿದ್ದಳು. ಬೆಂಕಿಯನ್ನೇ ಕಂಡಿದ್ದರೂ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮಧುಗಿರಿಯಿಂದ ಸಿರಾಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ತಿರುಗಿ ನೋಡಿದರೆ ಬೆಟ್ಟ ಇನ್ನೂ ಕಾಣುವಷ್ಟು ದೂರದಲ್ಲಿ, ಆ ಗಿರಣಿ ಹೊಸದಾಗಿ ಎದ್ದಿತ್ತು. ಬೆಂಕಿ ಬಿದ್ದರೆ ತಾನಾಗಿ ನೀರು ಸುರಿಸುವ ಸ್ಪ್ರಿಂಕ್ಲರ್ ವ್ಯವಸ್ಥೆಯನ್ನು ಅದರ ಸೂರಿನಡಿ ಕೂಡಿಸುವ ಗುತ್ತಿಗೆ ನಮ್ಮ ಬೆಂಗಳೂರಿನ ಕಂಪನಿಯದು. ಸ್ಥಳದಲ್ಲಿ ಕೆಲಸ ನಡೆಸುವ ಮೇಸ್ತ್ರಿ ನಾನು. ನನ್ನೂರು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ. ನಿನ್ನ ಸೀಮೆಯದೇ ಕೆಲಸ, ಊಟ ಸರಿಯಿಲ್ಲ ಎಂದು ದೂರುವ ಹಾಗಿಲ್ಲ ಎಂದು ನಗುತ್ತ ಕಳಿಸಿದ್ದರು. ಊಟ ಚೆನ್ನಾಗಿಯೇ ಇತ್ತು, ತಿನ್ನಲು ಗಂಟೆ ಬಿಡಬೇಕಲ್ಲ.

ಈ ವ್ಯವಸ್ಥೆಯಲ್ಲಿ ಮಾಯ ಮಂತ್ರವೇನೂ ಇಲ್ಲ. ಸೂರಿನಡಿಯ ಕೊಳವೆಗಳಲ್ಲಿ ಯಾವಾಗಲೂ ಒತ್ತಡದ ನೀರು ತುಂಬಿರುತ್ತದೆ. ಅಲ್ಲಲ್ಲಿ ಸ್ಪ್ರಿಂಕ್ಲರಿನ ತಲೆಗಳು. ಒಂದೊಂದರ ಬಾಯಿಯನ್ನೂ ಕೆಂಪು ದ್ರವ ತುಂಬಿದ ಸಣ್ಣ ಗಾಜಿನ ಗುಂಡು ಒತ್ತಿ ಹಿಡಿದಿರುತ್ತದೆ. ಕೆಳಗೆ ಬೆಂಕಿ ಬಿದ್ದು ಕಾವು ಏರಿದರೆ ಗಾಜು ಒಡೆಯುತ್ತದೆ, ಅಷ್ಟು ಜಾಗಕ್ಕೆ ಮಾತ್ರ ನೀರು ಬೀಳುತ್ತದೆ. ಒಂದು ಒಡೆದರೆ ಎಲ್ಲವೂ ಸುರಿಯುತ್ತವೆ ಎಂಬುದು ಸಿನಿಮಾದವರು ಹಬ್ಬಿಸಿದ ಮಾತು. ಪಂಪಿನಿಂದ ಹೊರಟ ದಪ್ಪ ಕೊಳವೆ ಗೋಡೆ ಹತ್ತುವ ಮೊದಲು ಪಂಪ್‌ಹೌಸಿನಲ್ಲೇ ಎರಡು ವಾಲ್ವು ದಾಟಬೇಕು. ಕೆಳಗಿನದು ಕೈಚಕ್ರವಿರುವ ಮುಖ್ಯ ವಾಲ್ವು. ಅದು ಸದಾ ತೆರೆದೇ ಇರಬೇಕು. ಯಾರೂ ತಿರುಗಿಸದಿರಲಿ ಎಂದು ಅದರ ಚಕ್ರಕ್ಕೆ ಚರ್ಮದ ಪಟ್ಟಿ ಬಿಗಿದಿರುತ್ತೇವೆ. ಅದರ ಮೇಲೆ ಅಲಾರಂ ವಾಲ್ವು. ಅದರ ಹೊಟ್ಟೆಯಲ್ಲಿ ಕೀಲು ಹಾಕಿದ ಒಂದು ತಟ್ಟೆ. ತಟ್ಟೆಯ ಕೆಳಗಿನ ಒತ್ತಡ ತೋರಿಸಲು ಒಂದು ಗೇಜು, ಮೇಲಿನದನ್ನು ತೋರಿಸಲು ಇನ್ನೊಂದು. ಎಲ್ಲಾದರೂ ಗಾಜು ಒಡೆದು ನೀರು ಹೊರಟರೆ ಮೇಲಿನ ಒತ್ತಡ ಇಳಿಯುತ್ತದೆ, ಕೆಳಗಿನ ನೀರು ತಟ್ಟೆಯನ್ನೆತ್ತಿಕೊಂಡು ನುಗ್ಗುತ್ತದೆ. ನುಗ್ಗುವಾಗ ಅದರಲ್ಲೊಂದು ಪಾಲು ಸಣ್ಣ ಕೊಳವೆಗೆ ಹೊರಳಿ, ಗೋಡೆಯಾಚೆಯ ಪುಟ್ಟ ನೀರಿನ ಚಕ್ರವನ್ನು ತಿರುಗಿಸಿ ಗಂಟೆ ಹೊಡೆಸುತ್ತದೆ. ಅದಕ್ಕೆ ಕರೆಂಟೂ ಬೇಡ, ಕಾವಲುಗಾರನೂ ಬೇಡ.

ಗಿರಣಿಯ ಬೇಲಿಗೆ ಹೊಂದಿಕೊಂಡಂತೆ ಕುರಿ ಸಾಕುವವರ ಒಂದು ಹಟ್ಟಿ ಇತ್ತು. ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ ಆ ಜನ ಕಂಬಳಿಯನ್ನು ತೊಟ್ಟಿಯಲ್ಲಿ ಅದ್ದಿ ಹೊತ್ತುಕೊಂಡು ಓಡುತ್ತಾರೆ. ಉಣ್ಣೆ ಬೇಗ ಹತ್ತಿಕೊಳ್ಳುವುದಿಲ್ಲ, ಕುಡಿದ ನೀರನ್ನು ಬೇಗ ಬಿಡುವುದೂ ಇಲ್ಲ. ನಮ್ಮ ಗಂಟೆ ಮೊದಲ ಸಲ ಹೊಡೆದಾಗ ಇಡೀ ಹಟ್ಟಿ ನೀರು ತೊಟ್ಟಿಕ್ಕುವ ಕಂಬಳಿ, ಬಿಂದಿಗೆ ಹೊತ್ತು ಗೇಟಿಗೆ ಬಂದಿತ್ತು. ಬೆಂಕಿಯಿಲ್ಲ ಎಂದು ತಿಳಿದು ನಕ್ಕು ಹೋದರು. ಎರಡನೆಯ ಸಲ ಅರ್ಧ ಜನ ಬಂದು ಬೈದು ಹೋದರು. ಆಮೇಲೆ ಯಾರೂ ಬರಲಿಲ್ಲ, ಒಬ್ಬಾಕೆಯನ್ನು ಬಿಟ್ಟು. ಐವತ್ತು ದಾಟಿದ ಗಟ್ಟಿ ಹೆಂಗಸು. ಕುರಿ ಮೇಯಿಸುತ್ತ ಬೇಲಿಯ ಆಸುಪಾಸಿನಲ್ಲೇ ಇರುತ್ತಿದ್ದಳು. ಅವಳ ಮಗಳು ಬ್ಲೋ ರೂಮಿನಲ್ಲಿ ಹತ್ತಿ ಬಿಡಿಸುವ ಕೆಲಸಕ್ಕಿದ್ದಳು.

ಆ ದಿನವೂ ಬಂದಿದ್ದಳು. ಒದ್ದೆ ಕಂಬಳಿಯನ್ನು ಬೇಲಿಯ ಕಲ್ಲಿನ ಮೇಲೆ ಹರವಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಹತ್ತಿರ ಕರೆದಳು.

"ಈ ಗಂಟೆ ಹೊಡ್ದಾಗೆಲ್ಲಾ ನನ್ ಎದೆ ಹೊಡ್ಕಂತೈತೆ ಕಣಪ್ಪ. ಹಟ್ಟಿಯೋರು ಇನ್ ಬರಾಕಿಲ್ಲ ಅಂದ್ರು. ಒಳಗಿರೋದು ನನ್ ಮಗ್ಳು, ನಾನು ಬರ್ದೆ ಇರಾಕ್ ಆಯ್ತದಾ? ಅವ್ಳೂ ಈಗ ಗಂಟೆಗೆ ಮೇಲಕ್ ಏಳಾಕಿಲ್ವಂತೆ. ನಿಜ್ವಾಗ್ಲೂ ಹೊಡ್ಯೋ ದಿನ ಏನ್ ಮಾಡಾದು, ನೀನೇ ಹೇಳು."

ಅತ್ತ ಗಿರಣಿಯ ಮ್ಯಾನೇಜರು ಗಂಟೆಯ ಕೊಳವೆಯ ನಲ್ಲಿ, ಅಂದರೆ ಕಾಕನ್ನೇ ಮುಚ್ಚಿಬಿಡಿ, ಬೆಂಕಿ ಬಿದ್ದರೆ ಕಣ್ಣಿಗೆ ಕಾಣುವುದಿಲ್ಲವೇ ಎಂದು ಶುರು ಮಾಡಿದ್ದರು. ಕೆಟ್ಟ ಮನುಷ್ಯರೇನಲ್ಲ. ನೂಲು ಹೊರಡುವುದು ತಡವಾದರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೆ. ನಾನು ಒಂದು ವಾರ ಗಡುವು ಕೇಳಿದೆ. ಗಂಟೆಯ ಸೊಲ್ಲಡಗಿಸಿ ಹೋಗುವುದು ಬಲು ಸುಲಭವಿತ್ತು. ಆದರೆ ನನಗೆ ಹಟ ಬಂದುಬಿಟ್ಟಿತ್ತು. ಸುಳ್ಳು ಹೇಳುವ ಗಂಟೆಯ ಬಾಯಿ ಮುಚ್ಚಿಸುವುದಲ್ಲ, ಅದು ಸುಳ್ಳು ಹೇಳದಂತೆ ಮಾಡಿಯೇ ಹೋಗುತ್ತೇನೆ ಅಂದುಕೊಂಡೆ.

ಕರೆಂಟು ಬಂದು ಹೋಗಿ ಮಾಡುತ್ತಿದ್ದ ಕಾಲ ಅದು. ಕೊಳವೆಯ ಒತ್ತಡ ಕಾಯ್ದುಕೊಳ್ಳುವ ಸಣ್ಣ ಪಂಪು, ಕರೆಂಟು ಬಂದಾಗಲೆಲ್ಲ ಒಮ್ಮೆ ಕೆಮ್ಮಿ ಚಾಲೂ ಆಗುತ್ತಿತ್ತು. ಆಗ ನೀರು ಒಂದು ಗುದ್ದು ಕೊಡುತ್ತದೆ, ತಟ್ಟೆ ಒಂದು ಕ್ಷಣ ಎದ್ದು ಕೂರುತ್ತದೆ, ಸ್ವಲ್ಪ ನೀರು ಗಂಟೆಯ ದಾರಿ ಹಿಡಿಯುತ್ತದೆ. ಇದು ಗೊತ್ತಿರುವುದೇ. ಅದಕ್ಕೆಂದೇ ದಾರಿಯಲ್ಲಿ ರಿಟಾರ್ಡ್ ಚೇಂಬರ್ ಎಂಬ ಡಬ್ಬಿ ಇಟ್ಟಿರುತ್ತಾರೆ. ಬಂದ ಚೂರುಪಾರು ನೀರು ಅದರಲ್ಲಿ ಬಿದ್ದು, ತಳದ ಸಣ್ಣ ತೂತಿನಿಂದ ಸೋರಿ ಹೋಗುತ್ತದೆ. ನಿಜವಾದ ಬೆಂಕಿಗೆ ನೀರು ನಿಲ್ಲದೆ ಹರಿದಾಗ ಮಾತ್ರ ಡಬ್ಬಿ ತುಂಬಿ ಮೇಲಿಂದ ಗಂಟೆಯತ್ತ ಹೋಗುತ್ತದೆ. ಡಬ್ಬಿ ಬಿಚ್ಚಿ ನೋಡಿದೆ. ತಳದ ತೂತು ಮುಚ್ಚಿಹೋಗಿತ್ತು. ನಮ್ಮ ಸೀಮೆಯ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಸುಣ್ಣದಂತೆ ಗಟ್ಟಿ ಕಟ್ಟಿತ್ತು. ಒಂದೊಂದೇ ಗುದ್ದಿನ ನೀರು ಸೋರಿ ಹೋಗದೆ ಸೇರಿ ಸೇರಿ, ಮಧ್ಯಾಹ್ನದ ಹೊತ್ತಿಗೆ ಡಬ್ಬಿ ತುಂಬುತ್ತಿತ್ತು. ನನ್ನ ಊಟದ ವೇಳೆಗೂ ಗಂಟೆಗೂ ಇದ್ದ ನಂಟು ಅದೇ.

ತೂತು ಕೆರೆದು ಸರಿ ಮಾಡಿದೆ. ಇನ್ನು ಹೊಡೆಯುವುದಿಲ್ಲ ಎಂದು ಮ್ಯಾನೇಜರ ಮುಂದೆ ಹೆಮ್ಮೆಯಿಂದ ಹೇಳಿದೆ. ಅವರು ಮಾತು ಮುಗಿಸಿ ಕುರ್ಚಿಯಿಂದ ಏಳುವಷ್ಟರಲ್ಲಿ ಗಂಟೆ ಹೊಡೆಯಿತು. ಅವರು ನಗಲೂ ಇಲ್ಲ, ಅದೇ ನನಗೆ ಹೆಚ್ಚು ಉರಿದದ್ದು.

ಸರಿ, ಹಲ್ಲು ಕಚ್ಚಿ ಮತ್ತೆ ಮೊದಲಿನಿಂದ ಹಿಡಿದೆ. ಪಂಪು ಚಾಲೂ ಆದಾಗ ತಟ್ಟೆ ಒಂದಿಷ್ಟು ಏಳುವುದು ಸಹಜ. ಆದರೆ ಇಷ್ಟು ಹೊತ್ತು ಏಕೆ ಎದ್ದಿರುತ್ತದೆ? ಮೇಲೆ ಹೋದ ನೀರಿಗೆ ಜಾಗ ಎಲ್ಲಿದೆ? ನೀರು ತುಂಬಿದ ಕೊಳವೆ ಕಲ್ಲಿನ ಹಾಗೆ, ಇನ್ನೊಂದು ಲೋಟ ನೀರು ಹಿಡಿಸುವುದಿಲ್ಲ. ಹಿಡಿಸುತ್ತಿದೆ ಎಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಗುದ್ದು ಬಿದ್ದಾಗಲೆಲ್ಲ ಅದು ಅಮುಕಿಕೊಂಡು ಜಾಗ ಬಿಡುತ್ತಿದೆ. ಏಣಿ ಹಾಕಿ ಬ್ಲೋ ರೂಮಿನ ಆ ತುದಿಯ ಎತ್ತರದ ಕೊಳವೆಯ ಪ್ಲಗ್ ಸಡಿಲಿಸಿದೆ. ಉಸ್ಸೆಂದು ಗಾಳಿ ಹೊರಟಿತು. ಎಷ್ಟು ಹೊತ್ತು ಕಳೆದರೂ ನಿಲ್ಲಲೊಲ್ಲದು. ಇಡೀ ಕೊಳವೆ ಖಾಲಿ ಮಾಡಿ, ತುದಿಗಳನ್ನು ಬಿಚ್ಚಿಟ್ಟು, ನಿಧಾನವಾಗಿ ನೀರು ಏರಿಸಿ, ಒಂದೊಂದು ತುದಿಯಿಂದಲೂ ಗಾಳಿ ಪೂರ್ತಿ ಹೋಗಿ ಬರಿ ನೀರು ಬಂದ ಮೇಲೆ ಪ್ಲಗ್ ಹಾಕುತ್ತ ಬಂದೆ. ಆಮೇಲೆ ಪಂಪು ಎಷ್ಟು ಕೆಮ್ಮಿದರೂ ಗಂಟೆ ಮಿಸುಕಲಿಲ್ಲ. ಕೆಳಗಿನ ಗೇಜಿನ ಮುಳ್ಳು ಮಾತ್ರ ಪ್ರತಿ ಸಲವೂ ಒಮ್ಮೆ ನಡುಗಿ ನಿಲ್ಲುತ್ತಿತ್ತು. ಆ ನಡುಕ ಕಂಡರೆ ನನಗೆ ಸಮಾಧಾನ, ನೀರು ಜೀವಂತವಿದೆ ಎಂದು.

ಆದರೆ ಸುಮ್ಮನಾದ ಗಂಟೆಯನ್ನು ಜನ ಹೇಗೆ ನಂಬುತ್ತಾರೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಗಂಟೆಯ ಮಾತೂ ಅಷ್ಟೆ. ಬೇಲಿಯ ಬಳಿ ಹೋಗಿ ಆ ತಾಯಿಯ ಹತ್ತಿರವೇ ಒಂದು ಒಪ್ಪಂದ ಮಾಡಿಕೊಂಡೆ. ವಾರಕ್ಕೊಮ್ಮೆ, ಸಂತೆಯ ದಿನ ನೆತ್ತಿಯ ಮೇಲೆ ಸೂರ್ಯ ಬಂದಾಗ ಪರೀಕ್ಷೆಗೆ ಗಂಟೆ ಹೊಡೆಸುತ್ತೇನೆ, ಆಗ ಯಾರೂ ಓಡಬೇಕಾಗಿಲ್ಲ. ಬೇರೆ ಯಾವ ಹೊತ್ತಿನಲ್ಲಿ ಹೊಡೆದರೂ ಅದು ನಿಜ. ಆಕೆ ಕೋಲಿನ ಮೇಲೆ ಗದ್ದ ಊರಿ ಎಲ್ಲ ಕೇಳಿದಳು. ಒಂದೇ ಪ್ರಶ್ನೆ ಹಾಕಿದಳು.

"ಅದೂ ನಮ್ಮಂಗೆ ಕಾಯ್ಲೆ ಬಿದ್ರೆ? ಹೊಡೀದೇ ಹೋದ್ರೆ?"

"ಗಂಟೆ ಕೆಟ್ಟ ದಿನ ನಾನೇ ಬಂದು ನಿಂಗೆ ಹೇಳ್ತೀನಿ ಕಣವ್ವ," ಎಂದೆ.

ಮುಂದಿನ ಸಂತೆಯ ದಿನ ಹಟ್ಟಿಯವರೆಲ್ಲ ಗಂಟೆ ಕೇಳಿ ತಲೆಯಾಡಿಸಿದರಂತೆ. ಬ್ಲೋ ರೂಮಿನ ಹೆಂಗಸರಿಗೂ ಮಗಳ ಬಾಯಿಂದ ಸುದ್ದಿ ಮುಟ್ಟಿತು. ಮ್ಯಾನೇಜರು ನೋಟೀಸು ಅಂಟಿಸಿದ್ದರೂ ಇಷ್ಟು ಬೇಗ ಮುಟ್ಟುತ್ತಿರಲಿಲ್ಲ.

ಆಯುಧ ಪೂಜೆಗೆ ಊರಿಗೆ ಹೋಗಿ ಬಂದೆ. ವಾಪಸು ಬರುವಾಗ ಗಿರಣಿಯ ಗೇಟಿನಲ್ಲಿ ಒಡೆದ ಬೂದುಗುಂಬಳದ ಚೂರುಗಳು ಇನ್ನೂ ಬಿದ್ದಿದ್ದವು. ಒಳಗೆ ಒಂದೊಂದು ಯಂತ್ರವೂ ಮದುವೆಗೆ ಹೊರಟಂತೆ ಇತ್ತು. ಪಂಪ್‌ಹೌಸಿನಲ್ಲಂತೂ ಪಂಪಿನವನ ಕೈಚಳಕವೆಲ್ಲ ಕಾಣುತ್ತಿತ್ತು. ಅವನು ಪಾವಗಡದ ಕಡೆಯವನು, ಮಾತಿನಲ್ಲಿ ಅರ್ಧ ತೆಲುಗು, ‘ಅಲ್ಲವೇ’ ಅನ್ನುವ ಕಡೆಯೆಲ್ಲ ‘ಕದಾ’ ಅನ್ನುವವನು. ಹಣೆಯ ಮೇಲೆ ಎಂದೂ ವಿಭೂತಿ ತಪ್ಪದ ಶರಣ. ನಮ್ಮ ವಾಲ್ವುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ಚಕ್ರದ ತುಂಬ ಚೆಂಡುಹೂವಿನ ಹಾರ ಸುತ್ತಿದ್ದ. ಚರ್ಮದ ಪಟ್ಟಿಯೂ ತನ್ನ ಜಾಗದಲ್ಲಿ ಬಿಗಿಯಾಗಿತ್ತು. ಗೇಜುಗಳು ಎರಡೂ ಸರಿಯಾದ ಅಂಕಿ ತೋರಿಸುತ್ತಿದ್ದವು. ಸಂತೋಷಪಟ್ಟು ಹೊಸ ಗೋದಾಮಿನ ಕೊಳವೆ ಕೆಲಸಕ್ಕೆ ಹೊರಟುಹೋದೆ. ದಸರಾ ಮುಗಿದ ಮೇಲೆ ಹೊಸ ಹತ್ತಿ ಬರುವ ಕಾಲ. ಲಾರಿಗಟ್ಟಲೆ ಬೇಲು ಬಂದು ಬೀಳುತ್ತಿತ್ತು.

ಆ ವಾರದ ಸಂತೆಗೆ ಇನ್ನೂ ದಿನವಿತ್ತು. ಶುಕ್ರವಾರ ಬೆಳಿಗ್ಗೆ ಒಂದು ಸ್ಪಾನರಿಗಾಗಿ ಪಂಪ್‌ಹೌಸಿಗೆ ಹೋದೆ. ಕರೆಂಟು ಹೋಗಿ ಬಂತು, ಪಂಪು ಕೆಮ್ಮಿತು. ನನ್ನ ಕಣ್ಣು ಅಭ್ಯಾಸಬಲದಿಂದ ಕೆಳಗಿನ ಗೇಜಿನತ್ತ ಹೋಯಿತು. ಮುಳ್ಳು ನಡುಗಲಿಲ್ಲ. ಪಂಪು ನಿಲ್ಲಿಸಿ ಮತ್ತೆ ಚಾಲೂ ಮಾಡಿಸಿದೆ. ಮುಳ್ಳು ಚಿತ್ರ ಬರೆದಂತೆ ನಿಂತಿತ್ತು.

ಪರೀಕ್ಷೆಯ ಕಾಕು ತಿರುಗಿಸಿದೆ. ಇದು ತಟ್ಟೆಯ ಕೆಳಗಿನ ನೀರನ್ನು ನೇರ ಗಂಟೆಗೆ ಬಿಡುವ ಕಾಕು, ಸಂತೆಯ ದಿನ ನಾನು ತಿರುಗಿಸುತ್ತಿದ್ದುದೂ ಇದನ್ನೇ. ಪುಸಕ್ಕೆಂದು ಇಷ್ಟು ನೀರು ಬಂದು ನಿಂತುಹೋಯಿತು. ಗಂಟೆ ಒಂದು ಸದ್ದನ್ನೂ ಮಾಡಲಿಲ್ಲ. ಕೆಳಗಿನ ಮುಳ್ಳು ಸೊನ್ನೆಗೆ ಬಿತ್ತು. ಮೇಲಿನದು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಮೊದಲಿನ ಅಂಕಿಯನ್ನೇ ತೋರಿಸುತ್ತಿತ್ತು. ತಟ್ಟೆಯ ಮೇಲೆ ಸಿಕ್ಕಿಕೊಂಡ ನೀರಿನ ಹಳೆಯ ಒತ್ತಡ ಅದು. ಬೆಂಕಿ ಬಿದ್ದು ಗಾಜು ಒಡೆದಿದ್ದರೆ ಒಂದೆರಡು ಬಿಂದಿಗೆ ನೀರು ಚೆಲ್ಲಿ ಎಲ್ಲ ಮುಗಿದಿರುತ್ತಿತ್ತು. ಹಾರ ಸರಿಸಿ, ಪಟ್ಟಿ ಬಿಚ್ಚಿ, ಮುಖ್ಯ ವಾಲ್ವಿನ ಚಕ್ರ ಹಿಡಿದು ನೋಡಿದೆ. ಅದು ಮುಚ್ಚಿತ್ತು.

ಪಂಪಿನವನನ್ನು ಕೇಳಿದೆ. ಅವನಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ.

"ಆಯುಧ ಪೂಜೆ ಕದಾ ಸಾ. ಎಲ್ಲಾ ಮಿಷನ್ನೂ ಮಲಗ್ಸಿದ್ವಿ. ಇದನ್ನೊಂದ್ನೇ ಎಂಗೆ ಎಚ್ಚರ ಇಡಾದು ಅಂತ ನಾನೇ ಚಕ್ರಕ್ಕೆ ಪೈಪ್ ಹಾಕಿ ಬಿಗಿಯಾಗಿ ಮುಚ್ದೆ."

"ಮಾರನೇ ದಿನ ಎಬ್ಬಿಸ್ಲಿಲ್ವಾ?"

"ಮಿಷನ್ ಆನ್ ಮಾಡೋರೆಲ್ಲ ನಿಂಬೆಹಣ್ಣು ಇಟ್ಟು ಆನ್ ಮಾಡಿದ್ರು. ಇದನ್ನ ಯಾರು ಆನ್ ಮಾಡ್ತಾರೆ ಸಾ? ಇದು ಸುಮ್ನೆ ನಿಂತಿರೋದೇ ಕದಾ."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೂ ಕಷ್ಟವಾಯಿತು. ಹಬ್ಬದ ದಿನ ಆಯುಧಕ್ಕೆ ವಿಶ್ರಾಂತಿ ಕೊಡುವುದನ್ನು ನಮ್ಮಪ್ಪನೂ ಮಾಡುತ್ತಿದ್ದ, ಅಂದು ನೇಗಿಲನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಎಲ್ಲ ಯಂತ್ರಗಳೂ ಓಡುವುದಕ್ಕೆ ಎದ್ದವು. ನಿಂತಿರುವುದನ್ನೇ ಕೆಲಸ ಮಾಡಿಕೊಂಡದ್ದನ್ನು ಎಬ್ಬಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಚಕ್ರ ತಿರುಗಿಸಿ ತೆರೆದರಾಯಿತು ಎಂದುಕೊಂಡೆ. ಚಕ್ರ ತಿರುಗಿತು, ತಿರುಗುತ್ತಲೇ ಹೋಯಿತು, ನೀರು ಬರಲಿಲ್ಲ. ಬಿಗಿಯಾಗಿ ಮಲಗಲಿ ಎಂದು ಚಕ್ರಕ್ಕೆ ಉದ್ದದ ಪೈಪು ಸಿಕ್ಕಿಸಿ ಬಲವಂತವಾಗಿ ತಿರುಗಿಸಿ ಮುಚ್ಚಿದ್ದನಲ್ಲ, ಒಳಗೆ ಬಾಗಿಲನ್ನು ಎತ್ತಿ ಇಳಿಸುವ ಹಿತ್ತಾಳೆಯ ನಟ್ಟಿನ ಒಳತಿರುಪು, ಅದರ ಥ್ರೆಡ್ಡು, ಸವೆದುಹೋಗಿತ್ತು. ಇನ್ನು ವಾಲ್ವು ಬಿಚ್ಚಬೇಕು, ನಟ್ಟು ಹೊಸದಾಗಿ ಕಡೆಸಬೇಕು. ಅದನ್ನು ಕಡೆಯುವ ಲೇತು ಯಂತ್ರ ಹತ್ತಿರದಲ್ಲಿ ಎಂದರೆ ಸಿರಾದಲ್ಲಿ. ಅಲ್ಲಿಯವರೆಗೆ ಇಡೀ ಗಿರಣಿಗೆ ಒಂದು ಹನಿ ನೀರಿಲ್ಲ, ಗಂಟೆಯೂ ಇಲ್ಲ.

ಮ್ಯಾನೇಜರ ಹತ್ತಿರ ಹೋಗಿ, ವಾಲ್ವನ್ನು ಸಂಜೆಯೊಳಗೆ ಸರಿ ಮಾಡುತ್ತೇನೆ, ಅಲ್ಲಿಯವರೆಗೆ ಬ್ಲೋ ರೂಮು ನಿಲ್ಲಿಸಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸಂಜೆಯೊಳಗೆ ಸರಿ ಮಾಡ್ತೀನಿ ಅಂತ ನೀವೇ ಹೇಳ್ತಿದ್ದೀರಿ. ಒಂದು ದಿನಕ್ಕೆ ಆಕಾಶ ಕಳಚಿ ಬೀಳುತ್ತಾ? ಮೊದಲು ರಿಪೇರಿ ನೋಡಿ. ಇದನ್ನ ಕೆಲಸದವರ ಕಿವಿಗೆ ಹಾಕೋಕೆ ಹೋಗಬೇಡಿ."

ಅವರ ಕೋಣೆಯಿಂದ ಹೊರಬಂದು ಜಗುಲಿಯಲ್ಲಿ ನಿಂತೆ. ಅವರು ಹೇಳಿದ್ದು ಸುಳ್ಳೇನಲ್ಲ, ಒಂದು ದಿನ ಏನೂ ಆಗದೆ ಕಳೆದುಹೋಗುವ ಸಂಭವವೇ ಹೆಚ್ಚು. ಬ್ಲೋ ರೂಮು ನಿಲ್ಲಿಸುವ ಅಧಿಕಾರ ನನಗಿರಲಿಲ್ಲ. ಸುತ್ತಿಗೆ ತೆಗೆದುಕೊಂಡು ಹೋಗಿ ಗಂಟೆಯನ್ನು ಕೈಯಿಂದಲೇ ಬಾರಿಸಿದರೆ ಎಲ್ಲರೂ ಹೊರಗೆ ಓಡಿ ಬರುತ್ತಾರೆ, ಕೋಣೆ ತಾನಾಗಿ ನಿಲ್ಲುತ್ತದೆ ಎಂಬ ಯೋಚನೆ ಬಂತು. ನಿಜ ಹೇಳುತ್ತೇನೆ, ಸುತ್ತಿಗೆ ಕೈಗೂ ಬಂದಿತ್ತು. ಆದರೆ ಇಷ್ಟು ದಿನ ಒದ್ದಾಡಿ ಆ ಗಂಟೆಯ ಬಾಯಿಂದ ಸುಳ್ಳು ಬಿಡಿಸಿದವನು ನಾನೇ. ನಾನೇ ಅದರಿಂದ ಮತ್ತೊಂದು ಸುಳ್ಳು ಹೇಳಿಸುವುದೇ? ಸುತ್ತಿಗೆ ಇಟ್ಟು ಬೇಲಿಯ ಕಡೆ ನಡೆದೆ. ಕೊಟ್ಟ ಮಾತು ಒಂದಿತ್ತಲ್ಲ.

ಆಕೆ ಕುರಿಗಳಿಗೆ ಜಾಲಿಯ ಕಾಯಿ ಉದುರಿಸುತ್ತಿದ್ದಳು. ವಿಷಯ ಹೇಳಿದೆ, ಯಾರಿಗೂ ಹೇಳಬೇಡಿ ಎಂದಿದ್ದಾರೆ ಎಂಬುದನ್ನೂ ಸೇರಿಸಿ.

"ಅಂಗಾರೆ ಇವತ್ತು ಗಂಟೆ ಇಲ್ಲ?"

"ಇಲ್ಲ ಕಣವ್ವ."

ಆಕೆ ಕೋಲನ್ನು ಬೇಲಿಗೆ ಒರಗಿಸಿ, ಗೇಟು ದಾಟಿ, ಕಾವಲಿನವನು ಏನು ಎಂದು ಕೇಳುವ ಮೊದಲೇ ಬ್ಲೋ ರೂಮಿನ ಬಾಗಿಲಿಗೆ ಹೋಗಿ ನಿಂತು ಮಗಳನ್ನು ಹೆಸರು ಹಿಡಿದು ಕೂಗಿದಳು. ಮಗಳು ಎದ್ದು ಬಂದಳು. ಏಕೆ ಎಂದು ಪಕ್ಕದವಳು ಕೇಳಿದಳು, ಕೇಳಿ ಅವಳೂ ಎದ್ದಳು. ನೋಡುತ್ತಿದ್ದಂತೆ ಹತ್ತಿ ಬಿಡಿಸುವ ಹೆಂಗಸರೆಲ್ಲ ಸೆರಗಿನ ಹತ್ತಿ ಕೊಡವಿಕೊಳ್ಳುತ್ತ ಹೊರಗೆ ಬಂದು ಹುಣಸೆಮರದ ಕೆಳಗೆ ಕೂತುಬಿಟ್ಟರು. ಯಾರೂ ಗಲಾಟೆ ಮಾಡಲಿಲ್ಲ, ಎಲೆಅಡಿಕೆ ಬಿಚ್ಚಿಕೊಂಡರು. ಹತ್ತಿ ಬರದೆ ಹಿಂಜುವ ಯಂತ್ರಗಳು ಬರಿದೇ ತಿರುಗಿ ಕೊನೆಗೆ ನಿಂತವು.

ಮ್ಯಾನೇಜರು ಕೆಂಡವಾದರು. ನಿಮ್ಮ ಕಂಪನಿಗೆ ಬರೆಯುತ್ತೇನೆ, ಇನ್ನು ಮೇಲೆ ಈ ಗೇಟಿನೊಳಗೆ ಕಾಲಿಡದಂತೆ ಮಾಡುತ್ತೇನೆ ಎಂದರು. ಬರೆಯಿರಿ, ಆದರೆ ನಾಳೆ ಬರೆಯಿರಿ, ಇವತ್ತು ನಿಮ್ಮ ಜೀಪು ಕೊಡಿ ಎಂದೆ. ಕೋಣೆ ಬೇಗ ಶುರುವಾಗಬೇಕಾದರೆ ನಟ್ಟು ಬೇಗ ಬರಬೇಕು ಎಂಬುದು ಅವರಿಗೂ ಹೊಳೆದಿರಬೇಕು. ಜೀಪು ಕೊಟ್ಟರು.

ಪಂಪು ನಿಲ್ಲಿಸಿ, ಕೊಳವೆ ಖಾಲಿ ಮಾಡಿ, ಪಂಪಿನವನೂ ನಾನೂ ವಾಲ್ವಿನ ಮೇಲ್ಭಾಗ ಬಿಚ್ಚಿದೆವು. ಸವೆದ ನಟ್ಟು, ಅದನ್ನು ಏರಿಸುವ ಸಲಾಕೆಯಾದ ಸ್ಪಿಂಡಲ್ಲು ಎರಡನ್ನೂ ಗೋಣಿಯಲ್ಲಿ ಸುತ್ತಿಕೊಂಡು ನಾನು ಸಿರಾ ತಲುಪುವ ವೇಳೆಗೆ ಲೇತಿನ ಅಂಗಡಿಯ ಸಾಹೇಬರು ಟೋಪಿ ಹಾಕಿಕೊಂಡು ಬಾಗಿಲು ಎಳೆಯುತ್ತಿದ್ದರು. ಶುಕ್ರವಾರ ಎಂಬುದನ್ನೇ ಮರೆತಿದ್ದೆ. "ಜುಮ್ಮಾ ಮುಗಿಸ್ಕಂಡ್ ಬತ್ತೀನಿ ಭಾಯ್, ಅಲ್ಲೀಗಂಟ ಕೂತಿರಿ," ಎಂದು ಚಹಾ ಹೇಳಿ ಹೋದರು. ಹುಣಸೆಮರದ ಕೆಳಗಿನವರನ್ನು ಮ್ಯಾನೇಜರು ಗದರಿಸಿ ಒಳಗೆ ಕಳಿಸಿಬಿಟ್ಟರೆ ಎಂದು ಮನಸ್ಸು ಅಲ್ಲೇ ಇತ್ತು. ಸಾಹೇಬರು ಬಂದವರೇ ತೋಳು ಮಡಚಿ ಕೂತರು. ಚೌಕ ಥ್ರೆಡ್ಡು, ಅದೂ ಎಡಗೈ ತಿರುವಿನದು, ಅವಸರಕ್ಕೆ ಬಗ್ಗುವಂಥದ್ದಲ್ಲ. ಒಂದು ನಟ್ಟು ಕಡೆದು ಸ್ಪಿಂಡಲ್ಲಿಗೆ ಏರಿಸಿ, ಸಡಿಲವಾಯಿತೆಂದು ತಾವೇ ಬಿಸಾಡಿ, ಇನ್ನೊಂದು ಕಡೆದರು.

ವಾಪಸು ಬಂದಾಗ ಇನ್ನೂ ಬಿಸಿಲಿತ್ತು, ಹೆಂಗಸರು ಮರದ ಕೆಳಗೇ ಇದ್ದರು. ವಾಲ್ವು ಕೂಡಿಸಿ, ಮೊದಲು ನಿಧಾನವಾಗಿ ನೀರು ಏರಿಸಿ, ಗಾಳಿ ಕಳೆದು, ಚಕ್ರವನ್ನು ಪೂರ್ತಿ ತೆರೆದು ಅರ್ಧ ಸುತ್ತು ಹಿಂದಕ್ಕೆ ಬಿಟ್ಟೆವು. ಪಂಪು ಕೆಮ್ಮಿತು, ಕೆಳಗಿನ ಮುಳ್ಳು ನಡುಗಿತು. ಆಮೇಲೆ, ಇದು ಪರೀಕ್ಷೆಯ ಗಂಟೆ ಎಂದು ಹಟ್ಟಿಗೆ ಮೊದಲೇ ಹೇಳಿ ಕಳಿಸಿ, ಬ್ಲೋ ರೂಮಿನ ಕೊನೆಯ ತುದಿಯ ಪರೀಕ್ಷೆಯ ನಲ್ಲಿ ತಿರುಗಿಸಿದೆ. ಅದು ಒಂದೇ ಒಂದು ತಲೆ ಒಡೆದಷ್ಟು ನೀರು ಬಿಡುವ ನಲ್ಲಿ. ಮೇಲಿನ ಮುಳ್ಳು ಇಳಿಯಿತು, ತಟ್ಟೆ ಎದ್ದಿತು, ಡಬ್ಬಿ ತುಂಬುವಷ್ಟು ಹೊತ್ತು ಎಲ್ಲರೂ ಉಸಿರು ಹಿಡಿದು ನಿಂತಿದ್ದೆವು. ಗಂಟೆ ಹೊಡೆಯಿತು. ಪಂಪಿನವನು ಎಲ್ಲಿಂದಲೋ ಒಂದು ನಿಂಬೆಹಣ್ಣು ತಂದು ವಾಲ್ವಿನ ಬುಡದಲ್ಲಿ ಇಟ್ಟು ಹಿಮ್ಮಡಿಯಿಂದ ತುಳಿದ. ನಾನು ಬೇಡವೆನ್ನಲಿಲ್ಲ. ಅಂದಿನಿಂದ ಅವನು ಬೆಳಿಗ್ಗೆ ಪಂಪ್‌ಹೌಸಿಗೆ ಬಂದವನೇ ಮೊದಲು ಚಕ್ರದ ಮೇಲೆ ಕೈಯಿಟ್ಟು ತೆರೆದಿದೆಯೇ ಎಂದು ನೋಡಿ, ಆಮೇಲೆ ಕೈ ಹಣೆಗೊತ್ತಿ ಮುಗಿಯುತ್ತಿದ್ದ.

ಮ್ಯಾನೇಜರು ಕಂಪನಿಗೆ ಬರೆದರೋ ಇಲ್ಲವೋ ನನಗೆ ತಿಳಿಯಲಿಲ್ಲ. ನನ್ನ ಜೊತೆ ಮಾತಂತೂ ಬಿಟ್ಟಿದ್ದರು.

ಹೊಸ ಗೋದಾಮಿನ ಕೆಲಸ ಮುಗಿಯುತ್ತ ಬಂದಿತ್ತು. ಚಳಿ ಇಳಿದು ಗಾಳಿ ಒಣಗತೊಡಗಿದ ಒಂದು ಬೆಳಿಗ್ಗೆ, ನಾನು ಏಣಿಯ ಮೇಲಿದ್ದಾಗ ಗಂಟೆ ಹೊಡೆಯಿತು. ಸಂತೆಯ ದಿನವಲ್ಲ, ಸೂರ್ಯ ನೆತ್ತಿಗೂ ಬಂದಿರಲಿಲ್ಲ. ಇಳಿದು ಓಡುವಾಗಲೇ ಬ್ಲೋ ರೂಮಿನ ಹೆಂಗಸರೆಲ್ಲ ಹೊರಗೆ ಬರುತ್ತಿದ್ದುದು ಕಂಡಿತು. ಓಡುತ್ತಿದ್ದರು, ಆದರೆ ನೂಕುನುಗ್ಗಲಿರಲಿಲ್ಲ. ಕುರಿ ಮೇಯಿಸುವಾಕೆಯ ಮಗಳು ಹಿಂದೆ ನಿಂತು ಕೊನೆಯವಳನ್ನು ಕೈ ಹಿಡಿದು ಎಳೆದು ತಂದಳು. ಬೇಲು ಬಿಗಿದಿದ್ದ ಕಬ್ಬಿಣದ ಪಟ್ಟಿಯ ತುಂಡೊಂದು ಹತ್ತಿಯ ಜೊತೆ ಯಂತ್ರಕ್ಕೆ ಹೋಗಿ ಕಿಡಿ ಹಾರಿತ್ತು. ಬಿಡಿಸಿಟ್ಟ ಹತ್ತಿಯ ಗುಡ್ಡೆಗೆ ಬೆಂಕಿ ಹತ್ತಿ, ಅದರ ಮೇಲಿನ ಎರಡು ತಲೆಗಳು ಒಡೆದು ನೀರು ಧಾರಾಕಾರ ಸುರಿಯುತ್ತಿತ್ತು. ಉಳಿದವು ಸುಮ್ಮನಿದ್ದವು. ಹೊಗೆ ದಟ್ಟವಾಗಿತ್ತು, ಉರಿ ಕಾಣುತ್ತಿರಲಿಲ್ಲ.

ಪಂಪ್‌ಹೌಸಿಗೆ ಹೋದಾಗ ಮ್ಯಾನೇಜರು ನನಗಿಂತ ಮೊದಲೇ ಅಲ್ಲಿದ್ದರು. ಬೆಂಕಿ ಆರಿತಲ್ಲ, ಇದ್ದ ಹತ್ತಿಯೆಲ್ಲ ನೆನೆಯುತ್ತಿದೆ, ನೀರು ನಿಲ್ಲಿಸು ಎಂದು ಕೂಗುತ್ತಿದ್ದರು. ಪಂಪಿನವನು ಚಕ್ರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಅವರ ಮುಂದೆ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ವದ್ದು ಸಾ, ಬೇಡ. ಮೇಸ್ತ್ರಿ ಬಂದು ಹೇಳೋಗಂಟ ಇದು ಮಲಗಲ್ಲ."

ಅವನು ಮಾಡಿದ್ದೇ ಸರಿ. ಹತ್ತಿಯ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೆ ಕೊರೆಯುತ್ತಿರುತ್ತದೆ, ಅವಸರದಲ್ಲಿ ವಾಲ್ವು ಮುಚ್ಚಿದವರ ಗಿರಣಿಗಳು ಎರಡನೆಯ ಸಲ ಹೊತ್ತಿಕೊಂಡು ಉರಿದಿವೆ. ನಾನು ಒಳಗೆ ಹೋಗಿ, ಗುಡ್ಡೆಯನ್ನು ಕೊಕ್ಕೆಯಿಂದ ಕೆದಕಿಸಿ, ಒಂದೊಂದು ಪದರವೂ ತಣ್ಣಗಾದದ್ದನ್ನು ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಮುಚ್ಚು ಎಂದು ಕೂಗಿದೆ. ಗಂಟೆ ನಿಂತಿತು. ಹೊರಗೆ ಬಂದು ಗೋಡೆಗೊರಗಿ ಕೂತೆ.

ಗೇಟಿನ ತುಂಬ ಹಟ್ಟಿಯವರು. ಗಂಡಸರ ಹೆಗಲ ಮೇಲೆ ನೀರು ಸುರಿಯುವ ಕಂಬಳಿ, ಹೆಂಗಸರ ಸೊಂಟದಲ್ಲಿ ಬಿಂದಿಗೆ. ಆ ಜನರೆಲ್ಲ ಮತ್ತೆ ಬಂದದ್ದನ್ನು ನೋಡಿ ನನಗೆ ಅಳು ಬಂತು, ಮುಚ್ಚಿಡುವುದೇನು. ಆಕೆ ಗುಂಪನ್ನು ಸೀಳಿಕೊಂಡು ಬಂದು ಮೊದಲು ಮಗಳ ಮುಖ, ಕೈ, ತಲೆಗೂದಲನ್ನು ಸವರಿ ನೋಡಿದಳು. ಆಮೇಲೆ ನನ್ನ ಕಡೆ ಬಂದಳು.

"ಆರ್ತಾ?"

"ಆರ್ತು ಕಣವ್ವ."

ಆಕೆ ಸೊಂಟದ ಮೇಲಿನ ಬಿಂದಿಗೆಯನ್ನು ನೋಡಿಕೊಂಡಳು. ಅದು ಇನ್ನೂ ತುಂಬಿತ್ತು.

"ಇಷ್ಟ್ ದೂರ ಹೊತ್ಕಂಡ್ ಬಂದಿವ್ನಿ, ಚೆಲ್ಲಾಕಿಲ್ಲ. ಬಾಯಿ ಒಣ್ಗೈತೆ, ಕುಡಿ."

ಎರಡು ಕೈ ಬೊಗಸೆ ಒಡ್ಡಿದೆ, ಆಕೆ ಬಗ್ಗಿ ಹೊಯ್ದಳು. ನನ್ನ ಡಬ್ಬಿಯ ತೂತು ಮುಚ್ಚಿದ್ದ ಅದೇ ಬೋರ್‌ವೆಲ್ ನೀರು, ಉಪ್ಪುಪ್ಪಾಗಿತ್ತು. ಬಿಂದಿಗೆ ಅರ್ಧವಾಗುವವರೆಗೂ ಕುಡಿದೆ.